ಅಡುಗೆಮನೆ ಬಾಗಿಲಿನ ಅಕ್ಕಿಕಾಳು

ಮಸ್ಕಿಯ ಮದುವೆಯೊಂದರಲ್ಲಿ ಬಾಜಾ ಮೊಳಗಿ, ಎಲ್ಲರೂ ವಧೂವರರತ್ತ ಅಕ್ಕಿಕಾಳು ಎರಚುತ್ತಿದ್ದರು. ವೇದಿಕೆಯಲ್ಲಿ ಫೋಟೊ ತೆಗೆಯುತ್ತಿದ್ದ ನನಗೆ ದೂರದ ಅಡುಗೆಮನೆ ಬಾಗಿಲಲ್ಲಿ ಒಂದು ಕೈ ಮೇಲೆದ್ದದ್ದು ಕಂಡಿತು. ಲೆನ್ಸ್ ಬದಲಿಸುವಷ್ಟು ಹೊತ್ತಿರಲಿಲ್ಲ. ಕ್ಯಾಮೆರಾ ಕಂಪನಿಯದೇ ಅಲ್ಲವೆಂದು ಗೆಳೆಯರು ನಕ್ಕಿದ್ದ, ಹತ್ತಿರದ್ದನ್ನೂ ದೂರದ್ದನ್ನೂ ಒಂದರಲ್ಲೇ ಹಿಡಿಯುವ ನನ್ನ ಹೊಸ ಸೂಪರ್‌ಜೂಮ್ ಲೆನ್ಸನ್ನು ಕೊನೆಯವರೆಗೂ ತಿರುಗಿಸಿ ಕ್ಲಿಕ್ಕಿಸಿದೆ. ಗಂಡನಿಲ್ಲದವಳೆಂದು ಮಂಟಪದತ್ತ ಬಾರದೆ ಉಳಿದಿದ್ದ ಮದುಮಗಳ ತಾಯಿ ಅಲ್ಲಿಂದಲೇ ಅಕ್ಕಿಕಾಳು ಹಾಕುತ್ತಿದ್ದರು.

ಊಟದ ಹೊತ್ತಿಗೆ ಮದುಮಗಳಿಗೆ ಆ ಫೋಟೊ ತೋರಿಸಿದೆ. ಆಕೆ ಬಹಳ ಹೊತ್ತು ನೋಡಿದಳು.

“ಅವ್ವ ಅಕ್ಕಿಕಾಳು ಹಾಕೇ ಇಲ್ಲ ಅಂದ್ಕೊಂಡಿದ್ದೆ ನೋಡ್ರಿ ಅಣ್ಣಾ. ಆಲ್ಬಮ್‌ನ್ಯಾಗ ಮೊದಲ್ನೇ ಫೋಟೊ ಇದ ಇರ್ಲಿ.”

ಈಗ ಯಾವ ಮದುವೆಗೆ ಹೋದರೂ, ಅಕ್ಕಿಕಾಳು ಬೀಳುವಾಗ ಒಮ್ಮೆ ಅಡುಗೆಮನೆ ಬಾಗಿಲತ್ತ ಲೆನ್ಸ್ ತಿರುಗಿಸುತ್ತೇನೆ. ಅಲ್ಲಿ ಯಾರಾದರೊಬ್ಬರು ನಿಂತೇ ಇರುತ್ತಾರೆ.