ಚೀನಾ ಬೇರಿಗೆ ಮೈಸೂರಿನ ಪಥ್ಯ

ನಮ್ಮ ತವರಿನಲ್ಲಿ ಕಷಾಯ ಕುಡಿಯುವವರಿಗೆ ಕಾಫಿ ಇಲ್ಲ. ಯಾಕೆ ಅಂತ ಯಾರೂ ಕೇಳಿದವರಿಲ್ಲ. ಕೇಳಿದ್ದರೆ ಅಮ್ಮ ಸೌಟಿನಲ್ಲೇ ಉತ್ತರ ಕೊಡುತ್ತಿದ್ದಳು. ಮೈಸೂರಿನ ಆ ಪಥ್ಯವನ್ನು ಕೊಚ್ಚಿಗೆ ಹೊತ್ತು ತಂದು ಚೀನಾದ ಮದ್ದಿಗೆ ಅಂಟಿಸಿದವಳು ನಾನು.

ಅರವತ್ತರ ದಶಕದ ಕೊನೆ ಇರಬೇಕು. ನಮ್ಮ ಯಜಮಾನರು ಕೊಚ್ಚಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದರು. ಸಿಗರೇಟು ಸೇದುತ್ತಿದ್ದರು, ಕೆಮ್ಮುತ್ತಿದ್ದರು, ಕೇಳಿದರೆ “ಸಮುದ್ರದ ಗಾಳಿ ಕಣೇ” ಅನ್ನುತ್ತಿದ್ದರು. ಕಫದಲ್ಲಿ ರಕ್ತ ಕಂಡ ಮೇಲೆ ಗಾಳಿಯ ಮಾತು ನಿಂತಿತು. ಶ್ವಾಸಕೋಶದ ಕ್ಯಾನ್ಸರ್. ತಿರುವನಂತಪುರದ ದೊಡ್ಡಾಸ್ಪತ್ರೆಯಲ್ಲಿ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಬೇಕು ಅಂದರು ಡಾಕ್ಟರು. ಯಜಮಾನರು ಅಲ್ಲಿಗೇ ವರ್ಗ ಕೇಳಿಕೊಂಡರು.

ಸಾಮಾನು ಕಟ್ಟುತ್ತಿದ್ದಾಗ ಪಕ್ಕದ ಮನೆಯಾಕೆಯ ತಮ್ಮ ಬಂದ. ಹಡಗಿನಲ್ಲಿ ಕೆಲಸ ಅವನಿಗೆ. ಸಿಂಗಪುರದ ಚೀನೀ ಮದ್ದಿನಂಗಡಿಯಿಂದ ದೊಡ್ಡದೊಂದು ಪೊಟ್ಟಣ ತಂದಿದ್ದ. ಬಿಚ್ಚಿದರೆ ಒಣಬೇರು, ತೊಗಟೆ, ಮತ್ತೇನೋ ಕಪ್ಪು ಕಪ್ಪು ಚೂರುಗಳು. ಹಳೇ ಬೀರುವಿನ ವಾಸನೆ.

“ಮಣ್ಣಿನ ಮಡಕೇಲಿ ಬತ್ತಿಸಿ ಕೊಡಿ ಚೇಚಿ,” ಅಂದ. “ಮೂಲಂಗಿ ಮಾತ್ರ ಸಾರ್ ತಿನ್ನಬಾರದಂತೆ. ಬೇರೇನೂ ಪಥ್ಯ ಹೇಳಲಿಲ್ಲ.”

ಯಜಮಾನರು ಆವತ್ತು ಬಹಳ ದಿನಗಳ ಮೇಲೆ ನಕ್ಕರು. “ಅಬ್ಬ, ನಿನ್ನ ಮೂಲಂಗಿ ಹುಳಿಯಿಂದ ಪಾರಾದೆ! ಚೀನಾದವರಿಗೆ ಜೈ ಅನ್ನಬೇಕು ಅನ್ನಿಸ್ತಿದೆ, ಆದ್ರೆ ಸರ್ಕಾರಿ ನೌಕರ ನೋಡು, ಮೆತ್ತಗೆ ಅಂತೀನಿ.” ಚೀನಾದ ಜೊತೆಗಿನ ಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದವು.

ನನಗೆ ನಗು ಬರಲಿಲ್ಲ. “ಕಾಫಿನೂ ಇಲ್ಲ,” ಅಂದೆ.

“ಅವನು ಹೇಳಿದ್ದು ಮೂಲಂಗಿ ಕಣೇ.”

“ಕಷಾಯ ಅಂದ್ಮೇಲೆ ಕಷಾಯ. ಅಷ್ಟು ದೂರದಿಂದ ಬಂದ ಮದ್ದು ನಿಮ್ಮ ಚಪಲಕ್ಕೆ ನೀರಾಗಬೇಕಾ? ನನ್ನ ತಲೆ ಮೇಲೆ ಕೈಯಿಟ್ಟು ಹೇಳಿ, ಕುಡಿಯಲ್ಲ ಅಂತ.”

ಕಾಫಿ ಅಂದರೆ ಅವರಿಗೆ ಏನು ಅಂತ ಗೊತ್ತಿದ್ದೂ ಹಾಗಂದೆ. ಊರಿನಿಂದ ಬೀಜ ತರಿಸಿ ತಾವೇ ಹುರಿಯುತ್ತಿದ್ದ ಮನುಷ್ಯ. ನಾನು ಹುರಿದರೆ ಸೀದುಹೋಗುತ್ತದಂತೆ! ಕೊನೆಗೆ ನನ್ನ ತಲೆಯ ಮೇಲೆ ಕೈಯಿಟ್ಟರು. ನಾನು ಫಿಲ್ಟರನ್ನು ಒರೆಸಿ ಟ್ರಂಕಿನ ತಳಕ್ಕೆ ಹಾಕಿದೆ.

ತಿರುವನಂತಪುರದ ಆಸ್ಪತ್ರೆಯಲ್ಲೊಬ್ಬ ಹುಡುಗಿ ಡಾಕ್ಟರು. ಒಳ್ಳೆಯವಳು, ಪಾಪ. ನಾನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿದ್ದ ಬೇರನ್ನು ತಿರುಗಿಸಿ ತಿರುಗಿಸಿ ನೋಡಿ, ನನಗೆ ಅರ್ಥವಾಗಲೆಂದು ನಿಧಾನ ಇಂಗ್ಲಿಷಿನಲ್ಲಿ ಹೇಳಿದಳು: “ಇಂಥ ಗಿಡಗಳಿಂದ ಒಂದೊಂದೇ ಅಂಶ ಬೇರ್ಪಡಿಸಿ ಕ್ಯಾನ್ಸರಿಗೆ ಪರೀಕ್ಷೆ ಮಾಡ್ತಿದ್ದಾರೆ ಅಮ್ಮಾ. ಮುಂದೆ ಯಾವತ್ತೋ ಮದ್ದು ಸಿಗಬಹುದು. ಆದರೆ ಈ ಪೊಟ್ಟಣದಲ್ಲಿ ಏನಿದೆ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಿಲ್ಲಿಸಿಬಿಡಿ. ಅವರ ಬಾಯಿಗೆ ಏನು ರುಚಿಸುತ್ತೋ ಅದನ್ನು ಕೊಡಿ.”

ನನ್ನ ಕಿವಿ ‘ಮದ್ದು ಸಿಗಬಹುದು’ ಎಂಬಲ್ಲಿಗೇ ಬಾಗಿಲು ಹಾಕಿಕೊಂಡಿತು. ಮನೆಗೆ ಬಂದು ಇನ್ನೊಂದು ಹಿಡಿ ಬೇರು ಜಾಸ್ತಿ ಹಾಕಿ ಬತ್ತಿಸಿದೆ. ಅವರು ಮುಖ ಕಿವುಚಿ ಕುಡಿದು, ಲೋಟ ಕೆಳಗಿಟ್ಟು, ಅಡುಗೆಮನೆಯ ಕಡೆ ಒಮ್ಮೆ ನೋಡುತ್ತಿದ್ದರು. ಬಾಯಿ ಬಿಟ್ಟು ಕೇಳಿದ್ದರೆ ಕೊಡುತ್ತಿದ್ದೆನೇನೋ. ಇಲ್ಲ, ಕೊಡುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ?

ಮೈಯಲ್ಲಿ ಶಕ್ತಿ ಇರುವವರೆಗೂ ಕಚೇರಿಗೆ ಹೋದರು. ಮುಂದಿನ ಮಳೆಗಾಲ ಅವರು ನೋಡಲಿಲ್ಲ. ಪೊಟ್ಟಣದಲ್ಲಿ ಇನ್ನೂ ಬೇರು ಮಿಕ್ಕಿತ್ತು.

ಕಚೇರಿಯಲ್ಲಿ ಉಳಿದಿದ್ದ ಅವರ ಕೊಡೆ, ಬುತ್ತಿಡಬ್ಬಿ ತರಲು ನಾನೇ ಹೋದೆ. ಡಬ್ಬಿ ಕ್ಯಾಂಟೀನಿನಲ್ಲಿತ್ತು. ಅದನ್ನು ತೊಳೆದು, ಒರೆಸಿ ತಂದುಕೊಟ್ಟ ಕ್ಯಾಂಟೀನಿನವನನ್ನು ಹೊರಗೆ ಕರೆದು, ನನ್ನ ಮುರುಕು ಮಲಯಾಳಂನಲ್ಲಿ ಕೇಳಿದೆ. ದಾರಿಯುದ್ದಕ್ಕೂ ಅದೊಂದೇ ಪ್ರಾರ್ಥನೆ ನನ್ನದು. ಗಂಡಸರು ಮನೆಯಲ್ಲಿ ಆಣೆ ಇಟ್ಟು ಹೊರಗೆ ಮುರಿಯುವುದು ಹೊಸದೇನಲ್ಲವಲ್ಲ; ನಮ್ಮವರೂ ಮುರಿದಿರಲಿ ದೇವರೇ ಅಂತ.

“ಸಾರ್ ಇಲ್ಲಿ ಕಾಫಿ ಕುಡಿತಿದ್ರಾ?”

“ದಿನಾ ಒಂದು ಕಾಪ್ಪಿ ಹೇಳ್ತಿದ್ರು ಅಮ್ಮಾ,” ಅಂದ.

ಎದೆ ಹಗುರಾಯಿತು. ಅವನು ಅಷ್ಟಕ್ಕೇ ನಿಲ್ಲಿಸಬಾರದಿತ್ತೇ!

“ಲೋಟ ಮೂಗಿನ ಹತ್ರ ಹಿಡ್ಕೊಂಡು ಸ್ವಲ್ಪ ಹೊತ್ತು ಕೂತಿರೋರು. ಆಮೇಲೆ ಎದುರಿಗೆ ಇದ್ದವರಿಗೆ ಕೊಟ್ಟುಬಿಡೋರು. ಒಂದು ಗುಟುಕು ಕುಡೀರಿ ಸಾರ್ ಅಂತ ನಾನೇ ಅಂದಿದ್ದೆ. ಹೆಂಡತಿ ತಲೆ ಮೇಲೆ ಕೈಯಿಟ್ಟಿದ್ದೀನಪ್ಪ, ಅವಳಿಗೇನಾದ್ರೂ ಆದ್ರೆ ಅಂದ್ರು.”