ಅಳಿವೆಯಲ್ಲಿ ಕೊಯ್ದ ಹಗ್ಗಗಳು

ಗಾಳ ಹಾಕುವ ಹುಚ್ಚಿರುವವರ ಒಂದು ಗುಂಪು ನಮ್ಮದು. ಭಟ್ಕಳದ ಬಟ್ಟೆ ಅಂಗಡಿಯವರೊಬ್ಬರು, ಕುಮಟಾದ ಹೈಸ್ಕೂಲ್ ಮೇಷ್ಟ್ರೊಬ್ಬರು, ಹೊನ್ನಾವರದಲ್ಲಿ ಮೊಬೈಲ್ ರಿಪೇರಿ ಮಾಡುವ ನಾನು, ಇನ್ನೂ ಕೆಲವರು. ಭಾನುವಾರ ಬಂತೆಂದರೆ ರಾಡು ಹಿಡಿದು ಬಂಡೆ ಹತ್ತುವುದು, ಕೆಂಬೇರಿಯಂಥ ದೊಡ್ಡ ಮೀನು ಸಿಕ್ಕರೆ ಫೋಟೋ ಹಾಕುವುದು, ಸಿಗದಿದ್ದರೆ ನೀರಿಗೆ ಬೈಯುವುದು. ಹೊಟ್ಟೆಪಾಡಿಗೆ ಮೀನು ಹಿಡಿಯುವವರು ನಮ್ಮನ್ನು ನೋಡಿ ನಗುತ್ತಾರೆ. ನನ್ನ ಸೋದರಮಾವನಂತೂ ಕಂಡಾಗಲೆಲ್ಲ, “ಎಂತ ತಮಾ, ಪೇಟೆ ಮೀನಿಗಿಂತ ನಿನ್ನ ಮೀನೇ ದುಬಾರಿ ಆತಲ್ಲ” ಎಂದು ಛೇಡಿಸುತ್ತಿದ್ದ.

ಆ ವರ್ಷ ಮಳೆಗಾಲ ಮುಗಿದ ಮೇಲೆ ಹೋಗಿ ನೋಡಿದರೆ ಬಂಡೆಗಳ ಮೇಲೆ ಕಾಲಿಡಲು ಜಾಗವಿರಲಿಲ್ಲ. ನದಿ ತಂದು ಸುರಿದದ್ದು ಅರ್ಧ, ನಾವೇ ಬಿಟ್ಟುಬಂದದ್ದು ಅರ್ಧ. ತುಂಡಾದ ಗಾಳದ ದಾರ, ಗಾಳಕ್ಕೆ ಸಿಕ್ಕಿಸಲು ಸಿಗಡಿ ತಂದ ಪ್ಲಾಸ್ಟಿಕ್ ಕೊಟ್ಟೆ, ಚಿಪ್ಸ್ ಪ್ಯಾಕೆಟ್ಟು, ಎಲ್ಲ ಇತ್ತು. ಒಂದು ಭಾನುವಾರ ರಾಡು ಬೇಡ, ಗೋಣಿಚೀಲ ತರೋಣ ಎಂದರು ಮೇಷ್ಟ್ರು. ಎಲ್ಲರೂ ಒಪ್ಪಿದರು. ಯಾರೂ ಕೇಳದಿದ್ದರೂ ನಾನೇ ಮುಂದಾಳಾದೆ. ಶರಾವತಿ ಕಡಲು ಸೇರುವ ಈ ಅಳಿವೆ ನನ್ನೂರು, ಮಾವನ ಮನೆ ಅಲ್ಲೇ ದಂಡೆಯ ಮೇಲೆ, ನನಗೆ ಗೊತ್ತಿಲ್ಲದ ಕಲ್ಲು ಅಲ್ಲಿಲ್ಲ ಎಂಬ ಜಂಬ ನನಗೆ.

ನೀರು ಇಳಿದ ಹೊತ್ತು ನೋಡಿ ಶುರು ಮಾಡಿದೆವು. ಬಂಡೆಗಳ ಕೊನೆಯಲ್ಲಿ, ಕೆಸರು ಮತ್ತು ಕಸದ ನಡುವೆ, ತಂಪುಪಾನೀಯದ ಖಾಲಿ ಬಾಟಲಿಗಳು ಬಿದ್ದಿದ್ದವು. ಒಂದೊಂದರ ಕುತ್ತಿಗೆಗೂ ನೀಲಿ ಹಗ್ಗ. ಹಗ್ಗದ ಇನ್ನೊಂದು ತುದಿ ನೀರೊಳಗೆ ಹೋಗಿತ್ತು. ಎಳೆದೆ, ಬರಲಿಲ್ಲ. ಕಲ್ಲಿಗೆ ಸಿಕ್ಕಿಕೊಂಡಿದೆ ಎಂದು ಚಾಕು ತೆಗೆದೆ.

“ಯಾರಾದ್ರೂ ಕಟ್ಟಿಟ್ಟದ್ದು ಇರಬಹುದಾ?” ಎಂದರು ಮೇಷ್ಟ್ರು.

“ಮೀನು ಹಿಡಿಯೋರ ಮನೆಯವ ನಾನು, ನಂಗೆ ಗೊತ್ತಿಲ್ವಾ ಮೇಷ್ಟ್ರೇ? ಕಸ ಇದು. ಕೊಯ್ದು ಹಾಕಿ.”

ಮೀನು ಹಿಡಿಯೋರ ಮನೆಯವನಂತೆ! ನನ್ನಪ್ಪ ಬಸ್ ಡ್ರೈವರ್. ಮಾವನ ದೋಣಿ ಹತ್ತಿದ್ದೇ ಅಪರೂಪ, ಹತ್ತಿದಾಗಲೆಲ್ಲ ವಾಂತಿ ಮಾಡಿಕೊಂಡವನು ನಾನು. ಮೀನಿನ ಬಗ್ಗೆ ನನಗೆ ಚೆನ್ನಾಗಿ ಗೊತ್ತಿದ್ದದ್ದು ತಿನ್ನುವುದೊಂದೇ. ಆದರೆ ಮೇಷ್ಟ್ರು ನನ್ನ ಮಾತು ನಂಬಿದರು. ಎಲ್ಲರೂ ಹಗ್ಗ ಕೊಯ್ದರು, ಬಾಟಲಿಗಳು ಚೀಲ ಸೇರಿದವು, ಚೀಲಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆವು. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಶಹಬ್ಬಾಸ್ ಹೇಳುತ್ತಿತ್ತು.

ಮಾವ ಆ ದಿನ ಭಟ್ಕಳದಲ್ಲಿ ಮದುವೆಗೆ ಹೋಗಿದ್ದ. ಮರುದಿನ ನನ್ನ ಅಂಗಡಿಗೆ ಬಂದವನು ಕುರ್ಚಿಯಲ್ಲಿ ಕೂರಲೂ ಇಲ್ಲ.

“ನನ್ನ ಏಡಿ ಬಲೆ ಒಂದೂ ಇಲ್ಲ ತಮಾ. ಒಂದು ಬಾಟ್ಲಿನೂ ಕಾಣ್ತಿಲ್ಲ.”

ನಾವು ಚೀಲಕ್ಕೆ ತುಂಬಿದ ಬಾಟಲಿಗಳು ಯಾರವೆಂದು ಆಗ ಹೊಳೆಯಿತು. ಏಡಿ ಬಲೆ ಎಂದರೆ ಕಬ್ಬಿಣದ ಬಳೆಗೆ ಕಟ್ಟಿದ ಸಣ್ಣ ಬಲೆ. ನಡುವೆ ಮೀನಿನ ತಲೆ ಕಟ್ಟಿ ನೀರಿಗೆ ಇಳಿಸಿ, ಹಗ್ಗದ ತುದಿಗೆ ತೇಲುವಂಥದ್ದೇನಾದರೂ ಕಟ್ಟಿ ಬಿಡುತ್ತಾರೆ. ಮಾವ ಮೊದಲು ಥರ್ಮಾಕೋಲ್ ಕಟ್ಟುತ್ತಿದ್ದ, ಅದು ಪುಡಿಯಾಗುತ್ತದೆಂದು ಆ ಸಲ ಬಾಟಲಿ ಕಟ್ಟಿದ್ದ. ಬಾಟಲಿ ಹೋದರೆ ಬಲೆ ತಳದಲ್ಲೇ ಉಳಿಯಿತು, ಯಾರಿಗೂ ಸಿಗುವುದಿಲ್ಲ. ಹರ್ನಿಯಾ ಆಪರೇಷನ್ ಆದ ಮೇಲೆ ದೊಡ್ಡ ಬಲೆ ಎಳೆಯಲಾಗದೆ, ಮಳೆಗಾಲವಿಡೀ ಜಗಲಿಯಲ್ಲಿ ಕೂತು ಅವನು ಹೆಣೆದ ಬಲೆಗಳವು.

“ನಿನ್ನೆ ನೀವೆಲ್ಲ ಅಲ್ಲೇ ಇದ್ರಲ್ಲ, ಯಾರಾದ್ರೂ ದೋಣಿ ತಂದದ್ದು ನೋಡಿದ್ಯಾ?”

“ನೋಡ್ಲಿಲ್ಲ ಮಾವ” ಎಂದೆ.

ಸುಳ್ಳಲ್ಲ ನೋಡಿ. ಯಾವ ದೋಣಿಯೂ ಬಂದಿರಲಿಲ್ಲ. ಅದನ್ನೇ ಹಿಡಿದುಕೊಂಡು ಆ ದಿನ ಕಳೆದೆ, ನಾಳೆ ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಮಾವ ಕಳ್ಳನನ್ನು ಕಂಡುಹಿಡಿದಾಗಿತ್ತು.

ಮಾವನಿಗೊಬ್ಬ ದೋಸ್ತ. ನೆರೆಮನೆಯವರು. ಇಬ್ಬರಿಗೂ ಸೇರಿ ಒಂದೇ ದೋಣಿ, ಅವರು ಹುಟ್ಟು ಹಾಕಿದರೆ ಇವನು ಬಲೆ ಇಳಿಸುತ್ತಿದ್ದ. ನಾನು ಹುಟ್ಟುವ ಮೊದಲಿನಿಂದಲೂ ಹಾಗೆಯೇ. ದೋಸ್ತರೂ ಏಡಿ ಬಲೆ ಹಾಕುತ್ತಿದ್ದರು. ಆದರೆ ಆ ಭಾನುವಾರ ಮಗಳನ್ನು ಕರೆದುಕೊಂಡು ಇಡಗುಂಜಿ ದೇವಸ್ಥಾನಕ್ಕೆ ಹೋಗುವುದಿತ್ತೆಂದು ಮುಂಚೆಯೇ ತಮ್ಮ ಬಲೆ ಎತ್ತಿ ಒಣಗಿಸಿದ್ದರು. ಅಷ್ಟು ಸಾಕಾಯಿತು ಮಾವನಿಗೆ. ಅವನ ಬಲೆ ಜಗಲಿಯಲ್ಲಿದೆ, ನನ್ನದು ಮಾತ್ರ ಹೋಗಿದೆ, ಎಂತಕ್ಕೆ?

ದೋಣಿ ಕಟ್ಟುವ ದಕ್ಕೆಯಲ್ಲಿ ಮೀನು ಇಳಿಸುವ ಹೊತ್ತಿಗೆ, ನಾಲ್ಕು ಜನರೆದುರು ದೋಸ್ತರನ್ನು ಕೇಳಿಯೇಬಿಟ್ಟ. ನಾನು ಮೀನು ತರಲು ಹೋದವನು ಅಲ್ಲೇ ಇದ್ದೆ.

“ಬಲೆ ಬೇಕಿದ್ರೆ ಕೇಳ್ಬೇಕಿತ್ತು. ಕದೀಬಾರ್ದಾಗಿತ್ತು.”

ಬುಟ್ಟಿಗೆ ಬಂಗಡೆ ತುಂಬುತ್ತಿದ್ದ ದೋಸ್ತರ ಹೆಂಡತಿ ಕೈ ನಿಲ್ಲಿಸಿದರು. “ನಾ ಕದ್ದೆ ಅಂತ ನೀ ಹೇಳ್ತ್ಯಾ?” ಎಂದರು ದೋಸ್ತ, ಮೆಲ್ಲಗೆ.

“ನೀ ಅಲ್ದೆ ಮತ್ಯಾರು?”

ನಾನು ಎಂದು ಹೇಳಲು ಒಂದು ಕ್ಷಣ ಸಾಕಿತ್ತು. ಮೀನಿನ ಚೀಲ ಹಿಡಿದುಕೊಂಡು ಜನರ ಹಿಂದೆ ಸರಿದೆ. ಅಷ್ಟೊಂದು ಜನ, ಅವರಲ್ಲಿ ಕೆಲವರು ನನ್ನ ಫೋಟೋ ನೋಡಿ ಬೆನ್ನು ತಟ್ಟಿದವರು. ದೋಸ್ತರು ಎರಡು ಮಾತು ಬೈದಿದ್ದರೂ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ದೋಣಿಯಿಂದ ತಮ್ಮ ಹುಟ್ಟು ತೆಗೆದು ಹೆಗಲ ಮೇಲಿಟ್ಟುಕೊಂಡು ಮನೆಗೆ ಹೋದರು. ದೋಣಿ ಅಂದಿನಿಂದ ಮರಳಿನ ಮೇಲೆಯೇ ಉಳಿಯಿತು, ಒಬ್ಬನೇ ನೀರಿಗಿಳಿಸಲು ಮಾವನಿಂದ ಆಗುವ ಕೆಲಸವಲ್ಲ.

ಆಮೇಲೆ ನಾನು ಮಾಡಿದ್ದು ಇನ್ನೂ ಹೊಲಸು. ಹೊಸ ಏಡಿ ಬಲೆ ಮಾಡಿಸಿ ತಂದು ಮಾವನಿಗೆ ಕೊಟ್ಟೆ. ಇದ್ದದ್ದು ಹೇಳಲಿಲ್ಲ, ಉಡುಗೊರೆ ಎಂದೆ. ಅವನ ಕಣ್ಣು ತುಂಬಿತು. ಆ ಬಲೆಗಳನ್ನು ದಕ್ಕೆಯಲ್ಲಿ ಎಲ್ಲರಿಗೂ ತೋರಿಸಿ, “ತಂಗಿ ಮಗ ತಂದ್ಕೊಟ್ಟ. ದೋಸ್ತ ಅನ್ನಿಸ್ಕೊಂಡವ ಕದ್ದ” ಎಂದು ಹೇಳಿಕೊಂಡು ಬಂದ. ಅದು ನನ್ನ ಕಿವಿಗೂ ಬಿತ್ತು. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಮರುದಿನ ಸಂಜೆ ಹೋಗಿ ಮಾವನಿಗೆ ಎಲ್ಲ ಹೇಳಿದೆ. ಬಾಟಲಿ, ಚಾಕು, ಮೇಷ್ಟ್ರಿಗೆ ನಾನು ಕೊಟ್ಟ ಉತ್ತರ, ಒಂದೂ ಬಿಡಲಿಲ್ಲ. ಕೆನ್ನೆಗೆ ಬಾರಿಸುತ್ತಾನೆ ಎಂದುಕೊಂಡಿದ್ದೆ, ಬಾರಿಸಲಿ ಎಂದೂ ಆಸೆಯಿತ್ತು. ಅವನು ಬೀಡಿ ಹಚ್ಚಿ, ಅದು ಮುಗಿಯುವವರೆಗೆ ಸೇದಿದ.

“ಆತು” ಎಂದ ಕೊನೆಗೆ. “ಅವಂಗೆ ಹೇಳೂಕೆ ಹೋಗ್ಬೇಡ.”

“ಎಂತಕ್ಕೆ ಮಾವ?”

“ಹೆಂಡ್ತಿ ಎದ್ರಿಗೆ ಕಳ್ಳ ಅಂದೆ ನಾನು. ಈಗ ಅಂವ ಕಳ್ಳ ಅಲ್ಲ ಅಂತಾದ್ರೆ, ನಾ ಯಾವ ಮುಖ ಹೊತ್ಕಂಡು ಅವನ ಮನೆಗೆ ಹೋಗ್ಲಿ?”

ಹೋಗು ಮಾವ, ನಾನೂ ಬರುತ್ತೇನೆ ಎಂದೆ. ಅವನು ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ಅಂಗಳದಲ್ಲಿ ಸ್ವಲ್ಪ ಹೊತ್ತು ಕಾದು, ನಾನೊಬ್ಬನೇ ದೋಸ್ತರ ಮನೆಗೆ ನಡೆದೆ. ಅವರು ಬರಿಮೈಯಲ್ಲಿ ಜಗಲಿಯ ಮೇಲಿದ್ದರು. ನಿಂತುಕೊಂಡೇ ಹೇಳಿ ಮುಗಿಸಿ, ತಪ್ಪಾಯ್ತು ಕಾಕಾ ಎಂದು ಕಾಲು ಮುಟ್ಟಿದೆ. ಅವರು ನನ್ನ ಮೇಲೆ ಸಿಟ್ಟಾಗಲೇ ಇಲ್ಲ. ಕೇಳಿದ್ದು ಒಂದೇ.

“ನಿನ್ನ ಮಾವಂಗೆ ಗೊತ್ತಾತಾ?”

“ಗೊತ್ತಾತು ಕಾಕಾ. ಈಗಷ್ಟೇ ಹೇಳಿ ಬಂದೆ.”

ಅವರ ಮುಖ ಅರಳಿತು. ಒಳಗೆ ತಿರುಗಿ ಹೆಂಡತಿಗೆ ಚಾ ಇಡಲು ಹೇಳಿದರು. ಹಗ್ಗದ ಮೇಲಿದ್ದ ಅಂಗಿ ಎಳೆದು ತೋಳು ತೂರಿಸುತ್ತ, “ಅಂವ ಎಲ್ಲಿ? ಹಿಂದಿಂದ ಬತ್ತಾ ಇದ್ನಾ?” ಎಂದು ನನ್ನ ಹೆಗಲಿನಾಚೆ ರಸ್ತೆ ನೋಡಿದರು.

“ಇಲ್ಲ ಕಾಕಾ” ಎಂದೆ. “ನಾನೊಬ್ಬನೇ ಬಂದದ್ದು.”

ಅವರು ಅಂಗಿಯ ಗುಂಡಿ ಹಾಕುವುದನ್ನು ನಿಲ್ಲಿಸಿದರು.