ಬ್ರಾಂಡಿಯ ಘಮದ ಅತ್ತರು

ವಿರೂಪಾಕ್ಷ, ಆ ಸಂಜೆ ನೀನು ಕುಡಿದಿರಲಿಲ್ಲ. ನಿನ್ನ ಮೈಯಿಂದ ಬಂದ ಬ್ರಾಂಡಿಯ ವಾಸನೆ ನಾನು ಹಚ್ಚಿದ್ದು. ಗೊತ್ತಿದ್ದೂ ನಿನ್ನ ಹೆಂಡತಿ ಗಿರಿಜಾಳ ಮುಂದೆ ಸುಳ್ಳು ಹೇಳಿದೆ.

ಪಾಳಿ ಮುಗಿಸಿ ಮನೆಗೆ ಹೋಗುವ ಮುಂಚೆ ನೀನು ನನ್ನ ಅತ್ತರಿನ ಅಂಗಡಿಗೆ ಬರುತ್ತಿದ್ದೆ. ಅಂಗಿಗೆ ಹತ್ತಿದ ಮಿಲ್ಲಿನ ವಾಸನೆ ಹೋಗಲೆಂದು ಕೈ ಚಾಚುತ್ತಿದ್ದೆ — ಏನು ಹಚ್ಚುತ್ತೀ ಎಂದು ಒಂದು ದಿನವೂ ಕೇಳಲಿಲ್ಲ. ಕಾಳಿ ನದಿಯ ದಂಡೆಯ ರೆಸಾರ್ಟಿಗೆ ಬಂದಿದ್ದ ಗಿರಾಕಿಯೊಬ್ಬ ಬ್ರಾಂಡಿಯ ಘಮದ ಅತ್ತರು ಬೇಕೆಂದಿದ್ದ. ದ್ರಾಕ್ಷಿಯ ಮದ್ಯ ಸೋಸಿದ ಮೇಲೆ ತಳದಲ್ಲಿ ಉಳಿಯುವ ಗಸಿಯಿಂದ ತೆಗೆದ ಎಣ್ಣೆಯನ್ನು ರಾಮನಗರದ ವ್ಯಾಪಾರಿಯಿಂದ ತರಿಸಿ, ಗಂಧದೆಣ್ಣೆ, ಲವಂಗದೆಣ್ಣೆ ಕೂಡಿಸಿದೆ. ಅದರಲ್ಲಿ ನಶೆಯ ಹನಿಯೂ ಇರಲಿಲ್ಲ, ಘಮ ಮಾತ್ರ. ಅತ್ತರಿನ ಗುಣ ಸೀಸೆಯಲ್ಲಿ ತಿಳಿಯುವುದಿಲ್ಲ, ಬೆಚ್ಚಗಿನ ಮೈಗೆ ಹಚ್ಚಿಯೇ ನೋಡಬೇಕು. ನಿನ್ನ ಕೈಗೆ, ಕಾಲರಿಗೆ ಹಚ್ಚಿದೆ; ಅದ್ದಿದ ಹತ್ತಿಯನ್ನು ಕಿವಿಯಲ್ಲಿಟ್ಟೆ. ಮಗಳ ತಲೆ ಮುಟ್ಟಿ ಆಣೆ ಮಾಡಿ ಕುಡಿತ ಬಿಟ್ಟವನಿಗೆ ಇದು... ಆಗ ಹೊಳೆಯಲಿಲ್ಲ ಎಂದರೆ ನಂಬಬೇಡ. ಹೊಳೆದಿತ್ತು. ಲವಂಗದ ಘಾಟಿನಲ್ಲಿ ಮುಚ್ಚಿಹೋಗುತ್ತದೆ ಎಂದುಕೊಂಡೆ. ನೀನು ಮನೆ ಮುಟ್ಟುವಷ್ಟರಲ್ಲಿ ಲವಂಗ ಹಾರಿಹೋಗಿ ಬ್ರಾಂಡಿ ಎದ್ದಿತ್ತು.

ಗಿರಿಜಾ ನಿನ್ನನ್ನು ಎಳೆದುಕೊಂಡೇ ಅಂಗಡಿಗೆ ಬಂದಳು. ಹಳಿಯಾಳದ ಹೆಣ್ಣುಮಕ್ಕಳು ಮದುವೆಗೆ ಅತ್ತರು ಆರಿಸುತ್ತಿದ್ದರು — ಮದ್ಯ ಸೋಕದ ಅತ್ತರೆಂದು, ನಮಾಜಿಗೂ ಹಚ್ಚಿಕೊಳ್ಳಬಹುದೆಂದು ನನ್ನಲ್ಲಿಗೇ ಬರುವ ಜನ.

"ಸಲೀಮಣ್ಣಾ, ಇವ್ರು ಕುಡದಿಲ್ಲಂತ. ನೀವು ಅತ್ತರ ಹಚ್ಚೀರಂತ. ಖರೇ ಹೇಳ್ರಿ."

"ಹೇಳೋ ದೋಸ್ತ," ಅಂದೆ ನೀನು. ನಗುತ್ತಿದ್ದೆ. ನಾನಿದ್ದೇನೆಂಬ ಧೈರ್ಯ ನಿನಗೆ.

"ನನಗ ಗೊತ್ತಿಲ್ಲ ತಂಗೀ. ಅಂಥಾ ವಾಸನಿದ್ದು ನಾ ಇಡಂಗಿಲ್ಲ."

ಗಿರಿಜಾ ಬೆನ್ನು ತಿರುಗಿಸಿ ನಡೆದುಬಿಟ್ಟಳು. ನೀನು ಕಿವಿಯ ಹತ್ತಿ ತೆಗೆದು ಕೌಂಟರಿನ ಮೇಲಿಟ್ಟು ಹೋದೆ. ನಾನು — ಹೇಳಲು ನಾಚಿಕೆಯಾಗುತ್ತದೆ — ಅದನ್ನು ತಟ್ಟನೆ ಮುಷ್ಟಿಯಲ್ಲಿ ಮುಚ್ಚಿಕೊಂಡೆ, ಗಿರಾಕಿಗಳ ಮೂಗಿಗೆ ತಾಕಬಾರದೆಂದು.

ಮರುದಿನ ಅವಳು ಮಗಳನ್ನು ಕರೆದುಕೊಂಡು ಮುಂಡಗೋಡಿನ ತವರಿಗೆ ಹೋದಳು. ವರ್ಷಗಳೇ ಕಳೆದವು. ನೀನು ಇಂದಿಗೂ ಕುಡಿಯುವುದಿಲ್ಲ. ಯಾರೂ ನಂಬದ ಆಣೆಯನ್ನು ಒಬ್ಬನೇ ನಡೆಸಿಕೊಂಡು ಬಂದಿದ್ದೀ. ನನ್ನ ಅಂಗಡಿ ಚೆನ್ನಾಗಿಯೇ ನಡೆದಿದೆ. ನನ್ನ ಎದುರು ಬಂದಾಗ ನೀನು ರಸ್ತೆ ದಾಟಿ ಆಚೆ ಬದಿಗೆ ಹೋಗುವುದನ್ನು ನೋಡುತ್ತಲೇ ಇದ್ದೇನೆ.

ನಿನ್ನೆ ಮುಂಡಗೋಡಿಗೆ ಹೋಗಿ ಎಲ್ಲ ಹೇಳಿದೆ. ಗಿರಿಜಾ ಬೈಯುತ್ತಾಳೆಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತೇನೋ. "ಕಟ್ಟಿಕೊಂಡ ಗಂಡ ಹೇಳಿದ್ದನ್ನ ನಂಬಲಿಲ್ಲರೀ ನಾ. ನೀವು ಹೇಳಿದ್ದನ್ನ ನಂಬಿದೆ," ಅಂದಳು.

ತಿರುಗಿ ಬರುತ್ತಾಳೋ ಇಲ್ಲವೋ ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಈ ಶುಕ್ರವಾರ ನಮಾಜು ಮುಗಿದು ಅಂಗಡಿ ತುಂಬಿದಾಗ, ಅಂದು ಮುಚ್ಚಿಟ್ಟಿದ್ದನ್ನು ಎಲ್ಲರ ಮುಂದೆ ಹೇಳುತ್ತೇನೆ. ಗಿರಾಕಿಗಳು ಹೋಗುವುದಾದರೆ ಹೋಗಲಿ. ನೀನು ಬರಬೇಕಿಲ್ಲ. ಅಂದು ನೀನು ನನ್ನನ್ನು ಸಾಕ್ಷಿಗೆ ಕರೆದಿದ್ದೆ; ನಿನ್ನನ್ನು ಯಾವುದಕ್ಕೂ ಕರೆಯುವ ಹಕ್ಕು ನನಗೆ ಉಳಿದಿಲ್ಲ.